ಕಂಪ್ಲಿ ರಸ್ತೆಯ ಪೆಟ್ರೋಲ್ ವಾಸನೆ

ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಬುದ್ಧಿವಂತರು ಕಾರನ್ನು ಅನುಮಾನಿಸುತ್ತಾರೆ. ನಾನು ಹೇಳಿದವರನ್ನು ಅನುಮಾನಿಸಿದೆ. ಹಾಗೆ ಹೇಳಿದ್ದು ನನ್ನ ಅತ್ತೆ ಎಂದರೆ ನಿಮಗೂ ಸ್ವಲ್ಪ ಅರ್ಥವಾದೀತು.

ನಮ್ಮ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಹಳೆಯ ಪೆಟ್ರೋಲ್ ಕಾರೊಂದನ್ನು ಓಡಿಸುತ್ತೇನೆ. ಹುಣ್ಣಿಮೆಗೆ ಅತ್ತೆಯನ್ನು ಹಂಪಿಗೆ ಕರೆದೊಯ್ದರೆ ಅವರ ಮೂಗಿಗೆ ಏನೂ ಬಡಿಯುತ್ತಿರಲಿಲ್ಲ. ಅದೇ ಕಾರು ನನ್ನ ತವರಾದ ಎಮ್ಮಿಗನೂರಿಗೆಂದು ಕಂಪ್ಲಿ ರಸ್ತೆ ಹಿಡಿಯಿತೋ, ಅವರ ಸೆರಗು ಮೂಗಿಗೆ ಏರುತ್ತಿತ್ತು.

“ಗಿರಿಜಾ, ವಾಸನಿ ಬರಾಕತ್ತೈತಿ. ತಲಿ ತಿರಗತೈತಿ. ಗಾಡಿ ಹೊಳ್ಳಿಸಿಬಿಡು.”

ಎರಡು ಸಲ ಹೀಗೆ ಅರ್ಧ ದಾರಿಯಿಂದ ಮರಳಿದ್ದೆವು. ಸೀಮೆಸುಣ್ಣದ ಪುಡಿ ಕುಡಿದು ಕುಡಿದು ನನ್ನ ಮೂಗು ಎಂದೋ ನಿವೃತ್ತವಾಗಿದೆ. ನನಗೆ ಯಾವ ವಾಸನೆಯೂ ಇಲ್ಲ. ವಾಸನೆ ದಿಕ್ಕು ನೋಡಿ ಬರುತ್ತದೆಯೇ? ಬೀಗರ ಮನೆಗೆ ಹೋಗಲು ಇಷ್ಟವಿಲ್ಲ ಎಂದು ನೇರವಾಗಿ ಹೇಳಲಾರದೆ ಪಾಪದ ಕಾರಿನ ಮೇಲೆ ಹಾಕುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಕಾರಿನ ಮೇಲೆ ಅನುಮಾನ ಪಡಲು ಕಾರಣವೂ ಇರಲಿಲ್ಲ. ತುಕ್ಕು ಹಿಡಿದಿದ್ದ ಪೆಟ್ರೋಲ್ ಪೈಪನ್ನು ಮೈದುನ ಗುರು ಆ ಎರಡು ಪ್ರಯಾಣಕ್ಕೆ ಸ್ವಲ್ಪ ಮೊದಲಷ್ಟೇ ಬದಲಿಸಿದ್ದ. ಅವನಿಗೆ ಸಂಡೂರಿನಲ್ಲಿ ಗಣಿ ಯಂತ್ರಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಪೈಪನ್ನು ಎಂಜಿನ್ನಿಗೆ ಸೇರಿಸುವ ಜಾಯಿಂಟನ್ನೂ ಅಲ್ಲಿಂದಲೇ ತಂದು ಬಿಗಿದು, “ಅತ್ತಿಗಿ, ಇದು ಗಣಿ ಮಾಲು. ನಿಮ್ಮ ಕಾರು ಹೋದ್ರೂ ಇದು ಹೋಗಂಗಿಲ್ಲ” ಎಂದಿದ್ದ.

ತವರಿನಲ್ಲಿ ನನ್ನ ಅವ್ವನ ಕಣ್ಣಿನ ಆಪರೇಷನ್ ಆಯಿತು. ಈ ಸಲವಾದರೂ ಅತ್ತೆ ಬರಲೇಬೇಕು ಎಂದು ಹಟ ಹಿಡಿದು ಹೊರಡಿಸಿದೆ. ಕಂಪ್ಲಿ ಇನ್ನೇನು ಹತ್ತಿರ ಬಂತು ಎನ್ನುವಾಗ ಹಿಂದಿನಿಂದ ಅದೇ ರಾಗ. ನನಗೆ ಸಿಟ್ಟು ನೆತ್ತಿಗೇರಿತು. ಗದ್ದೆಯ ಪಕ್ಕ ಕಾರು ನಿಲ್ಲಿಸಿದೆ. “ಬರ್ರಿ ಅತ್ತಿ, ಎಲ್ಲಿ ಐತಿ ತೋರಸ್ರಿ” ಎಂದು ಬಾನೆಟ್ ಎತ್ತಿದೆ.

ಗುರುವಿನ ಜಾಯಿಂಟ್ ಒದ್ದೆಯಾಗಿತ್ತು. ನಾನು ನೋಡುತ್ತಿದ್ದಂತೆಯೇ ಒಂದು ಹನಿ ತೂಗಿ, ಬಿದ್ದು, ಕಾದ ಕಬ್ಬಿಣದ ಮೇಲೆ ಚುಸ್ ಎಂದು ಮಾಯವಾಯಿತು. ಅದರ ಹಿಂದೆ ಇನ್ನೊಂದು. ಓಡಿ ಹೋಗಿ ಎಂಜಿನ್ ಆರಿಸಿದೆ. ಹಂಪಿಯೋ ಹತ್ತಿರದ ಊರು, ಎಂಜಿನ್ ಪೂರ್ತಿ ಕಾಯುವ ಮೊದಲೇ ಬಂದುಬಿಡುತ್ತದೆ. ಈ ದೂರದ, ಕುಲುಕಾಟದ ರಸ್ತೆಯಲ್ಲಿ ಮಾತ್ರ ಹನಿ ಹೆಚ್ಚಾಗಿ, ಆವಿಯಾಗಿ ಕಾರಿನೊಳಗೆ ಬರುತ್ತಿತ್ತು. ಇಬ್ಬರೂ ಸುಟ್ಟುಹೋಗಬಹುದಿತ್ತು, ನಾನು ಅದನ್ನು ಅತ್ತೆಯ ನಾಟಕ ಎಂದುಕೊಂಡಿದ್ದೆ.

ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ನಮ್ಮನ್ನು ಕಂಪ್ಲಿಯ ಗ್ಯಾರೇಜಿಗೆ ಎಳೆದುಕೊಂಡು ಹೋದ. ಅಲ್ಲಿನ ಮೆಕ್ಯಾನಿಕ್ ಮೌಲಾ ಜಾಯಿಂಟನ್ನು ಇನ್ನೊಂದು ಸುತ್ತು ಬಿಗಿದ, ಸೋರಿತು. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಮರೆಯ ಮೇಲೆ, ಅಂದರೆ ನಟ್ಟು ತಿರುಗಿ ಕೂರುವ ಸುರುಳಿ ಗೆರೆಗಳ ಮೇಲೆ, ಸುತ್ತಿ ಬಿಗಿದ, ಇನ್ನೂ ಸೋರಿತು. “ಅಕ್ಕಾರ, ಪಂಪ್ ಹೋಗೈತಿ ಅನಸ್ತೈತಿ. ಹೊಸಾದು ಹಾಕಿಬಿಡೋಣು” ಎಂದ.

ಅತ್ತೆಯನ್ನು ಬಿಟ್ಟ ನನ್ನ ಅನುಮಾನ ಈಗ ಅವನ ಮೇಲೆ ಕುಳಿತಿತು. ಸೋರುವುದು ಇಲ್ಲಿ, ಬದಲಿಸುವುದು ಪಂಪನ್ನೇ? ಪೈಪಿನ ತುದಿಯನ್ನು ಉಮ್ಮತ್ತಿ ಹೂವಿನಂತೆ ಅರಳಿಸಿರುತ್ತಾರೆ. ಅದಕ್ಕೆ ಫ್ಲೇರ್ ಎನ್ನುತ್ತಾರೆ. ಆ ಅರಳಿದ ಬಾಯಿ ಜಾಯಿಂಟಿನ ಮೂತಿಯ ಮೇಲೆ ಮೈಗೆ ಮೈ ತಾಗಿ ಕೂತರೇನೇ ಪೆಟ್ರೋಲ್ ನಿಲ್ಲುವುದು. ನಟ್ಟಿನ ಮರೆ ಒತ್ತಿ ಹಿಡಿಯುತ್ತದೆ, ಅಷ್ಟೆ. ಹಂಪಿ ಬಜಾರಿನ ಕಲ್ಲು ಮಂಟಪಗಳೂ ಹಾಗೆಯೇ ಕಲ್ಲಿಗೆ ಕಲ್ಲು ಕೂತು ನಿಂತಿವೆ, ಅಂಟಿನಿಂದಲ್ಲ.

“ಬಿಚ್ಚಿ ಕೊಡ್ರಿ” ಎಂದೆ. ಬ್ಯಾಗಿನಿಂದ ಕಾಡಿಗೆ ಡಬ್ಬಿ ತೆಗೆದು ಜಾಯಿಂಟಿನ ಮೂತಿಗೆ ಹಚ್ಚಿದೆ. ಮೌಲಾ ನನ್ನನ್ನು ಕೂಸಿಗೆ ದೃಷ್ಟಿಬೊಟ್ಟು ಇಡುವವಳಂತೆ ನೋಡಿದ. ಪೈಪು ಸೇರಿಸಿ, ಬಿಗಿದು, ಮತ್ತೆ ಬಿಚ್ಚಿದಾಗ ಫ್ಲೇರಿನ ಒಳಗೆಲ್ಲ ಹತ್ತಬೇಕಿದ್ದ ಕಪ್ಪು ಬರೀ ಒಂದು ಕೂದಲೆಳೆಯ ಗೆರೆಯಾಗಿತ್ತು. ಮೂತಿ ಚೂಪು, ಪೈಪಿನ ಬಾಯಿ ಅಗಲ. ಗಣಿ ಯಂತ್ರದ ಜಾಯಿಂಟಿನ ಮೂತಿಯ ಕೋನ ಬೇರೆ, ಕಾರಿನದರ ಕೋನ ಬೇರೆ. ಮರೆ ಮಾತ್ರ ಹೊಂದಿಕೊಂಡು ಎಲ್ಲರಿಗೂ ಮೋಸ ಮಾಡಿತ್ತು.

“ಹೌದಲ್ರೀ!” ಎಂದ ಮೌಲಾ. ಕಾರಿನದೇ ಜಾಯಿಂಟ್ ಹುಡುಕಿ ತಂದ. ಹಳೆಯ ಫ್ಲೇರಿನ ಅಂಚು ಸೀಳಿಹೋಗಿತ್ತು. ಅದನ್ನು ಕತ್ತರಿಸಿ, ಸೀರೆಯ ಅಂಚು ಮಡಚಿ ಹೊಲಿಯುವಂತೆ ತುದಿಯನ್ನು ಒಳಗೆ ಮಡಚಿ, ಎರಡು ಪದರದ ಫ್ಲೇರ್ ಮಾಡಿದ. ಬಹಳ ಚಂದ ಬಂತು. ಆದರೆ ಮೊದಲೇ ಪೈಪಿಗೆ ತೂರಿಸಬೇಕಿದ್ದ ನಟ್ಟು ಗ್ಯಾರೇಜಿನ ಬೆಂಚಿನ ಮೇಲೆ, ಅತ್ತೆಯ ಪಕ್ಕದಲ್ಲಿ ಕೂತಿತ್ತು! ಅರಳಿದ ಬಾಯಿಯ ಮೇಲಿಂದ ಅದು ತೂರುವುದಿಲ್ಲ. ಅತ್ತೆ ಮೊದಲು ನಕ್ಕರು, ಆಮೇಲೆ ಮೌಲಾ, ಕೊನೆಗೆ ನಾನು. ಅವನು ಮತ್ತೆ ಕತ್ತರಿಸಿ ಹೊಸದಾಗಿ ಮಾಡಿದ. ಈ ಸಲ ಕಾಡಿಗೆ ಸುತ್ತಲೂ ಅಗಲವಾಗಿ ಹತ್ತಿತು. ಒರೆಸಿ ಬಿಗಿದು ಎಂಜಿನ್ ಓಡಿಸಿದೆವು. ಜಾಯಿಂಟ್ ಒಣಗಿಯೇ ಇತ್ತು.

ಮೌಲಾ ಕೈ ತೊಳೆಯಲು ಹೋದಾಗ ಅತ್ತೆ ಮೆಲ್ಲಗೆ ಹೇಳಿದರು: “ಗುರು ಹಾಕಿದ್ದ ಸೋರತೈತಿ ಅಂತ ನಂಗ ಮೊದಲ ಅನಸಿತ್ತು. ಹೇಳಿದ್ರ ನೀ ಅವನ್ನ ಬೈತಿ ಅಂತ ಸುಮ್ನಿದ್ದೆ.”

“ನೀವು ನಮ್ಮವ್ವನ ಮನಿಗೆ ಬರಾಕ ಒಲ್ಲಿರಿ ಅಂತ ನಾ ತಿಳಕೊಂಡಿದ್ದೆ.”

“ಅಯ್ಯ! ಆಪರೇಷನ್ ಆದಾಕಿನ್ನ ನೋಡಾಕ ಒಲ್ಲೆ ಅಂತೀನೇನು?” ಎಂದವರು, ಸ್ವಲ್ಪ ತಡೆದು, “ನಿಮ್ಮವ್ವ ಭಾಳ ಮಾತಾಡತಾಳ, ಅದು ಖರೆ” ಎಂದರು.

ಮೈದುನನಿಗೆ ವಿಷಯ ತಿಳಿಸುವ ಕೆಲಸವನ್ನು ಅವರೇ ಒಪ್ಪಿಕೊಂಡರು. ಫೋನಿನಲ್ಲಿ, “ಲೇ ಗುರು, ನಿನ್ನ ಗಣಿ ಮಾಲು ಗಣಿಯಾಗ ಇರ್ಲಿ” ಎಂದದ್ದು ಇಡೀ ಗ್ಯಾರೇಜಿಗೆ ಕೇಳಿಸಿತು.

ಕಂಪ್ಲಿ ದಾಟಿದ ಮೇಲೆ ಅತ್ತೆ, “ಹಿಂದ ಕಾಲು ಚಾಚಾಕ ಬರವಲ್ದು, ಮಂಡಿ ನೋಯತಾವ” ಎಂದರು. ನಾನು ಕಾರು ನಿಲ್ಲಿಸಿ, ಮುಂದಿನ ಬಾಗಿಲು ತೆರೆದು, ಸೀಟು ಹಿಂದಕ್ಕೆ ಸರಿಸಿಕೊಟ್ಟೆ. ಅವರು ನನ್ನ ಪಕ್ಕ ಕುಳಿತು, ಗಾಜು ಇಳಿಸಿ, ಭತ್ತದ ಗದ್ದೆಗಳನ್ನು ನೋಡುತ್ತಾ ಎಮ್ಮಿಗನೂರಿನವರೆಗೂ ಹರಟಿದರು. ಮಂಡಿ ನಿಜವಾಗಿಯೂ ನೋಯುತ್ತಿತ್ತೋ, ಮುಂದಿನ ಸೀಟಿನ ಮೇಲೆ ಕಣ್ಣಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ.