ಕೋಳು ಹೇಳಿದ ಉಪಗ್ರಹ

ಬೊಮ್ಮಕ್ಕನ ಬಾವಿ ಗಡಿ ದಾಟಿದ್ದನ್ನು ನಾನೇ ಪರದೆಯ ಮೇಲೆ ಕಂಡೆನೋ, ಆಮೇಲೆ ಕೇಳಿದ್ದನ್ನು ಕಂಡಂತೆ ನೆನಪಿಟ್ಟುಕೊಂಡೆನೋ, ಖಚಿತವಾಗಿ ಹೇಳಲಾರೆ. ಘಟನೆಗಳ ಕ್ರಮವೂ ಕಲಸಿಹೋಗಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಉಪಗ್ರಹಗಳ ಸಂಕೇತ ಹಿಡಿದು ಜಮೀನು ಅಳೆಯುವ ಎರಡು ಯಂತ್ರ ಹೊತ್ತು ನಾನೂ ಗೆಳೆಯ ಸೋಮುವೂ ತಮಿಳು ಸೀಮೆಯ ದಿಂಡಿಗಲ್ಲಿನಲ್ಲಿ ಬೆಳಗಿನ ಬಸ್ಸು ಹತ್ತಿದೆವು. ನಮ್ಮ ಆಂಟೆನಾ ಕಂಡ ಕಂಡಕ್ಟರ್, "ಊರಿಗೆಲ್ಲ ಟೀವಿಯಾ ಸಾರ್?" ಎಂದು ನಕ್ಕ. ತೇನಿಯಲ್ಲಿ ಇಡ್ಲಿ ತಿಂದು ಮುಂದೆ ಹೊರಟೆವು. ಸೋಮು ಮಾರ್ಕಯನ್‌ಕೋಟ್ಟೈಯಲ್ಲಿ ಇಳಿದು, ಸ್ಥಾನ ಮೊದಲೇ ಗೊತ್ತಿದ್ದ ಒಂದು ತಾರಸಿಯ ಮೇಲೆ ಯಂತ್ರ ಹೂಡಿದ. ನಾನು ಇನ್ನೊಂದನ್ನು ಹೊತ್ತು ಬೊಮ್ಮಕ್ಕನ ತೋಟವಿದ್ದ ಓಡೈಪಟ್ಟಿಗೆ ಹೋದೆ.

ಆಗ ಉಪಗ್ರಹಗಳ ಸಂಕೇತವನ್ನು ಅವನ್ನು ಹಾರಿಸಿದ ದೇಶದವರೇ ಬೇಕೆಂದು ಕೆಡಿಸಿ ಕಳಿಸುತ್ತಿದ್ದರು. ಸೋಮುವಿನ ಯಂತ್ರ ಒಂದೊಂದು ಉಪಗ್ರಹದ ತಪ್ಪನ್ನೂ ಅಳೆದು, ತಿದ್ದುಪಡಿಯನ್ನು ರೇಡಿಯೋದಲ್ಲಿ ನನಗೆ ಕಳಿಸುತ್ತಿತ್ತು. ಆ ತಿದ್ದುಪಡಿ ಸೆಕೆಂಡುಗಳಲ್ಲೇ ಹಳಸುತ್ತದೆ.

ಬೊಮ್ಮಕ್ಕ ವಿಧವೆ; ತಲೆಮಾರುಗಳಿಂದ ಅಲ್ಲೇ ನೆಲೆಸಿ, ಮನೆಯಲ್ಲಿ ಕನ್ನಡವಾಡುವವರ ಪೈಕಿ. ಅವಳ ದ್ರಾಕ್ಷಿಗೆ ಇದ್ದದ್ದು ಆ ಒಂದೇ ಬಾವಿ. ಅದು ತನ್ನ ಪಾಲಿನದು ಎಂದು ಮೈದುನ ಕಾಮಯ್ಯ ಹೇಳುತ್ತಿದ್ದ. ಗಡಿಕಲ್ಲುಗಳ ನಡುವೆ ದ್ರಾಕ್ಷಿಯ ಚಪ್ಪರ ಹಬ್ಬಿದ್ದರಿಂದ ನೇರ ನೋಟ ಸಿಗುತ್ತಿರಲಿಲ್ಲ. ನನ್ನ ಅಳತೆಗೆ ಇಬ್ಬರೂ ಒಪ್ಪಿದ್ದರು.

ಕಲ್ಲುಗಳನ್ನು ಅಳೆದು ಬಾವಿಗೆ ಬರುವಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಬೊಮ್ಮಕ್ಕ ಓಡಿಹೋಗಿ ಮೋಟರು ಹಾಕಿದಳು. ಮೋಟರಿನ ಅಡ್ಡಿಗೆ ರೇಡಿಯೋ ಬರೀ ಗೊರಗೊರ ಎಂದಿತು, ಸೋಮುವಿನ ತಿದ್ದುಪಡಿ ನನಗೆ ತಲುಪದಾಯಿತು. ಪರದೆಯ ಮೇಲೆ ಬಾವಿ ಮೆಲ್ಲಗೆ ಸರಿದು, ಗಡಿ ದಾಟಿ ಕಾಮಯ್ಯನ ತೋಟದ ನಡುವೆ ಹೋಗಿ ನಿಂತಿತು. ಇಬ್ಬರೂ ಪರದೆಯತ್ತ ಬಗ್ಗಿದರು.

"ನೋಡಿದ್ಯಾ ಅತ್ತಿಗೆ?" ಎಂದ ಕಾಮಯ್ಯ.

ಅವಳು ಬಿಳಿಚಿಕೊಂಡಳು. "ನನ್ ನೀರು ಅಲ್ಲ ಅಂದ್ಮೇಲೆ ನಾನ್ ಯಾಕ್ ಎತ್ಲಿ?" ಎಂದು ತಾನೇ ಹೋಗಿ ಮೋಟರು ಆರಿಸಿದಳು.

ಗೊರಗೊರ ನಿಂತಿತು. ಪರದೆಯಿಂದ ಒಂದು ಉಪಗ್ರಹದ ಗುರುತು ಅಳಿಸಿಹೋಯಿತು. ಬಾವಿ ಸರಕ್ಕನೆ ಅವಳ ಕಡೆಗೆ ಹಾರಿತು. ಗುರುತು ಅಳಿಸಿದ್ದು ಮೊದಲೋ, ಬಾವಿ ಹಾರಿದ್ದೋ? ಆಣೆ ಮಾಡಲಾರೆ. ವಾಕಿಟಾಕಿಯಲ್ಲಿ ಸೋಮು ಅರಚುತ್ತಿದ್ದ: "ಒಂದು ಉಪಗ್ರಹ ಕೆಟ್ಟಿದೆ ಮಾರಾಯ! ಬಿಡು, ಬಿಡು ಅಂತ ಯಂತ್ರ ಆಗಲಿಂದ ಕಳಿಸ್ತಾ ಇದೆ!"

"ಏನ್ ಕೆಟ್ಟೋಯ್ತು ತಂಬಿ?" ಎಂದಳು ಬೊಮ್ಮಕ್ಕ.

ಉಪಗ್ರಹ ಎಂದರೆ ಅವರಿಗೆ ತಿಳಿಯದೆಂದು ತಮಿಳಿನಲ್ಲೇ, "ಒಂದು ಸೆಯರ್ಕೈಕೋಳ್" ಎಂದೆ. ಕೋಳ್ ಎಂದರೆ ಆ ಭಾಷೆಯಲ್ಲಿ ಗ್ರಹ, ಚಾಡಿಯೂ ಹೌದು. ಅವಳಿಗೆ ಕೇಳಿಸಿದ್ದು ಚಾಡಿ.

"ಅಯ್ಯೋ! ಮ್ಯಾಗ್ಳಿಂದಾನೂ ಕೋಳು ಹೇಳ್ತಾರಾ?"

ಯಾರೂ ನಗಲಿಲ್ಲ. ಕಾಮಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಮ್ ಕುಲದ್ ಪಂಚಾಯ್ತಿ ಕೂಟ್ದಲ್ಲಿ ಕೋಳು ಹೇಳ್ದವ್ನ ಎಬ್ಬಿಸ್ಬಿಟ್ಟು ಮಿಕ್ಕವ್ರ ಮಾತ್ ಕೇಳ್ತೀವಿ. ಅವ್ನ ಎಬ್ಬಿಸಾಯ್ತಲ್ಲ? ಅಳೀರಿ ಸಾರ್."

ಮತ್ತೆ ಮತ್ತೆ ಅಳೆದೆ. ಬಾವಿ ಕದಲಲಿಲ್ಲ. ಕಾಮಯ್ಯ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿ, "ಮೋಟ್ರು ಹಾಕು ಅತ್ತಿಗೆ, ಕರೆಂಟು ಹೋಗ್ಬಿಡ್ತದೆ" ಎಂದು ಹೊರಟುಹೋದ.

ಊರಿಗೆ ಮರಳಿದ ಮೇಲೆ ತಿದ್ದುಪಡಿಯ ನಿಯಮಗಳನ್ನು ತರಿಸಿ ಓದಿದೆ. ಉಳಿದದ್ದು ನನ್ನ ಕಲ್ಪನೆಯೇ ಇರಬಹುದು, ಇದೊಂದು ಮಾತ್ರ ನಿಜ: ಉಪಗ್ರಹ ಕೆಟ್ಟಾಗ ಅದು ಎಷ್ಟು ಸುಳ್ಳು ಹೇಳಿತೆಂದು ಯಂತ್ರ ತಿಳಿಸುವುದಿಲ್ಲ. ತಿದ್ದುಪಡಿಯ ಜಾಗದಲ್ಲಿ ಒಂದು ಗೊತ್ತಾದ ಸಂಕೇತ ಕಳಿಸುತ್ತದೆ. ಅದರ ಅರ್ಥ, ಇದನ್ನು ಈಗಲೇ ಬಿಡು, ಅಷ್ಟೇ.