ಮದುವೆ ಕ್ಯಾಸೆಟ್ಟಿನ ಕಪ್ಪು ಜಾಗಗಳು

ತೊಂಬತ್ತರ ದಶಕದ ಕೊನೆ. ಬಂಗಾರಪೇಟೆಯಲ್ಲಿ ನಮ್ಮ ಚಿಕ್ಕಪ್ಪನದೊಂದು ವಿಡಿಯೋ ಅಂಗಡಿ. ಕ್ಯಾಮೆರಾ ಹೊತ್ತು ಮದುವೆಗಳಿಗೆ ಹೋಗುವುದು ಅವರ ಕೆಲಸ, ತಂದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು ನನ್ನದು. "ಬಟ್ಟೆ ತರೋನು ನಾನು, ಟೈಲರಮ್ಮ ನೀನು," ಅನ್ನುತ್ತಿದ್ದರು.

ಬೂದಿಕೋಟೆ ಕಡೆಯ ಒಂದು ಮದುವೆ. ಹುಡುಗಿಯ ತಂದೆ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದ ರೈತರು. ಧಾರೆ ಎರೆಯುವಾಗ ಕೈ ತಪ್ಪಿ, ಹಾಲು ಅಳಿಯನ ಪಂಚೆಯ ಮೇಲೆಲ್ಲ ಚೆಲ್ಲಿ, ಮಗಳ ಮುಖ ನೋಡಿ ನಕ್ಕುಬಿಟ್ಟಿದ್ದರು. ಜೋಡಿಸುವಾಗ ನನಗೂ ನಗು ಬಂದಿತ್ತು. ಕ್ಯಾಸೆಟ್ಟು ಮನೆ ಸೇರುವ ಮೊದಲೇ, ಹಸುವಿಗೆ ನೀರಿಡಲು ಹೋದವರು ಕೊಟ್ಟಿಗೆಯಲ್ಲೇ ಕುಸಿದು ತೀರಿಕೊಂಡರು. ಮಗಳು ಹೇಳಿಕಳಿಸಿದಳು: "ಫೋಟೋದಾಗೆಲ್ಲ ಅಪ್ಪ ಮುಖ ಗಂಟಾಕ್ಕೊಂಡವ್ರೆ. ನಗೋದು ನಿಮ್ಮತ್ರ ಮಾತ್ರ ಐತೆ ಅಕ್ಕ. ಅದೊಂದ್ ಓಗ್ದಂಗ್ ನೋಡ್ಕೊಳ್ಳಿ."

ಅದೇ ವಾರ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಹೊಸದನ್ನು ಮಾರಿದವನಿಗೇ ಹಳೆಯದನ್ನು ಬದಲಿಗೆ ಕೊಡುವ ಮಾತಾಗಿತ್ತು. "ಮದ್ವೆ ಫೋಲ್ಡರ್ ಒಂದ್ ಆಕ್ಕೊ, ಬೇರೇದ್ ಮುಟ್ಬ್ಯಾಡ," ಎಂದು ಹೇಳಿ ಚಿಕ್ಕಪ್ಪ ಕ್ಯಾಸಂಬಳ್ಳಿಯ ನಾಮಕರಣಕ್ಕೆ ಹೊರಟರು. ಹಾಗೇ ಕಾಪಿ ಮಾಡಿದೆ. ಮಾರನೆಯ ದಿನ ಬರಬೇಕಿದ್ದವನು ಅಂದೇ ಬಂದು ಹಳೆಯದನ್ನು ಬೆಂಗಳೂರಿಗೆ ಒಯ್ದ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಬಂದ ಮೇಲೆ ಹೊಸದಕ್ಕೆ ಕುಂಕುಮ ಇಟ್ಟು, ಹೂ ಮುಡಿಸಿ, ಕಾಯಿ ಒಡೆದದ್ದಾಯಿತು. ಆ ಮದುವೆಯ ಪ್ರಾಜೆಕ್ಟು ತೆರೆದೆ. ಪ್ರಾಜೆಕ್ಟು ಅಂದರೆ ಬರೀ ದಾರ. ಯಾವ ಹೂವಿನ ಪಕ್ಕ ಯಾವುದು ಎಂಬುದಷ್ಟೇ ಅದರಲ್ಲಿರುತ್ತದೆ. ಹೂಗಳು, ಅಂದರೆ ಕ್ಲಿಪ್ಪುಗಳು, ಡಿಸ್ಕಿನಲ್ಲಿ ಬೇರೆಯೇ ಇರಬೇಕು.

ಓಲಗ ಕೇಳಿಸಿತು. ತೋರಣ ಬಂತು. ಆಮೇಲೆ ಪರದೆ ಕಪ್ಪಾಯಿತು. ಕ್ಲಿಪ್ಪು ಸಿಗುತ್ತಿಲ್ಲವೆಂದು ಒಂದು ಸಾಲು. ಹೆಂಗಸರು ಬಂದರು, ಮತ್ತೆ ಕಪ್ಪು. ಕಾಪಿಯಲ್ಲಿ ಒಂದೆರಡು ಕೆಟ್ಟಿರಬೇಕು ಅಂದುಕೊಂಡೆ. ಬೀಗರನ್ನು ಎದುರುಗೊಂಡ ಕಡೆ ಕಪ್ಪು. ಧಾರೆಯೂ ಕಪ್ಪು. ಜೋಡಿಸಿದವಳು ನಾನೇ, ಎಲ್ಲಿ ಏನಿತ್ತೆಂದು ಗೊತ್ತು. ಮಿಕ್ಕವರೆಲ್ಲ ಇದ್ದರು, ಆ ಮನುಷ್ಯ ನಿಂತ ಕಡೆಯೆಲ್ಲ ಕಪ್ಪು.

ಚಿಕ್ಕಪ್ಪ ನನ್ನ ಹಿಂದೆಯೇ ನಿಂತಿದ್ದರು. "ಅವ್ರ ಮುಖ ಇದ್ದವೆಲ್ಲ ಬೇರೆ ಫೋಲ್ಡರ್ಗಾಕಿದ್ದೆ ಕಣಮ್ಮ. ಇನ್ನೂ ಸೂತಕ ಕಳ್ದಿಲ್ಲ. ಸತ್ತೋರ್ನ ಒಸ ಮಿಷನ್ಗೆ ಮೊದ್ಲೇ ಕರ್ಕೊಂಬರ್ತಾರಾ? ಪೂಜೆ ಆದ್ಮೇಲೆ ತಂದ್ರಾಯ್ತು ಅಂತಿದ್ದೆ. ಎಲ್ಲಿ ಅಳೇದು?"

"ಅವ್ನು ನಿನ್ನೇನೇ ತಕೊಂಡೋದ ಚಿಕ್ಕಪ್ಪ!"

ಎದುರಿನ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನ್ ಮಾಡಿ ಬಂದ ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತರು. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಆಗಲೇ ಅಳಿಸಿಬಿಟ್ಟಿದ್ದನಂತೆ. ಮದುವೆ ಹಿಡಿದಿದ್ದ ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೆಯೇ ಚಿಕ್ಕಪ್ಪ ನಾಮಕರಣ ಹಿಡಿದಿದ್ದರು; ಅದರಲ್ಲೀಗ ಕ್ಯಾಸಂಬಳ್ಳಿಯ ತೊಟ್ಟಿಲು ತೂಗುತ್ತಿತ್ತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು ಬಂದಳು, ಜೊತೆಗೆ ತಾಯಿ. ತಾಯಿ ಒಳಗೆ ಬರಲಿಲ್ಲ. "ನಾನು ಈಗ್ಲೇ ಇನ್ನೊಬ್ರ ಒಸ್ಲು ತುಳೀಬಾರ್ದು, ನೀನ್ ನೋಡ್ಕೊಂಬಾ," ಎಂದು ಹೊರಗಿನ ಬೆಂಚಿನ ಮೇಲೆ ಕೂತರು. ನಗು ಅಳಿಸಿಹೋದದ್ದನ್ನು ನಾನೇ ಹೇಳಿದೆ. ಹುಡುಗಿ ಅಳಲಿಲ್ಲ. "ಸುಳ್ಳೇಳ್ಬ್ಯಾಡಿ ಅಕ್ಕ. ಆಕಿ, ನಾನೇ ನೋಡ್ತೀನಿ," ಅಂದಳು.

ಹಾಕಿದೆ. ಪ್ರತಿ ಕಪ್ಪು ಬಂದಾಗಲೂ ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅಡುಗೆಯ ಚಪ್ಪರ ಬಂತು. ಕುದಿಯುವ ಹಂಡೆಗಳು, ಹಬೆ, ಯಾರ ಮುಖವೂ ಇಲ್ಲ. ಅದಕ್ಕೇ ಚಿಕ್ಕಪ್ಪ ಅದನ್ನು ಬೇರೆ ಫೋಲ್ಡರಿಗೆ ಹಾಕದೆ ಬಿಟ್ಟಿದ್ದರು. ಹಬೆಯ ಆಚೆಯಿಂದ ಗಂಡಸಿನ ದನಿ ಕೂಗಿತು: "ಲೇ ಇವ್ಳೇ, ಎಲ್ಲೋದ್ಯೇ? ಅರ್ಶಿನದ್ ತಟ್ಟೆ ತಕೊಂಬಾ!"

"ಬಂದೆ, ಇರ್ರೀ," ಅಂದಿತು ಹೊರಗಿನ ಬೆಂಚು.

ತಿರುಗಿದರೆ ತಾಯಿ ಹೊಸ್ತಿಲು ದಾಟಿ ಒಳಗೆ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಚಿಕ್ಕಪ್ಪನ ಕೈ ಸ್ವಿಚ್ಚಿಗೆ ಹೋಯಿತು. "ಮುಟ್ಬ್ಯಾಡಿ!" ಎಂದು ಮಗಳು ಕಿರುಚಿದಳು.

ತಾಯಿ ಪರದೆಯ ಹತ್ತಿರ ಬಂದು ಹಬೆಯನ್ನೇ ನೋಡಿದರು.

"ಇದ್ರೊಳ್ಗೇ ಅವ್ರೆ, ಅಲ್ವಾ," ಅಂದರು ಮೆಲ್ಲಗೆ. "ಅವ್ರು ನಗೋದ್ ತೋರ್ಸಮ್ಮ."