ಆರುವ ಮುನ್ನ ನೋಡಿಕೊಳ್ಳಬೇಕಾದ ಊರು

ಬಾಟಲಿಯ ಮುಚ್ಚಳ ಬೆರಳಿಗೆ ಬಗ್ಗುತ್ತಿಲ್ಲ. ಗೈಲಾನಜ್ಜಿ ಅದನ್ನು ಬಲಗಡೆಯ ಹಲ್ಲಿಗೆ ಕೊಟ್ಟು ತಿರುಗಿಸುತ್ತಾಳೆ. ಎಡಗಡೆ ಕೊಡೋಣವೆಂದರೆ ಅಲ್ಲಿ ಹಲ್ಲಿಲ್ಲ. ಮುಚ್ಚಳ ಬಿಚ್ಚಿಕೊಂಡ ಮೇಲೆ ಥರ್ಮಾಸಿನ ಬಿಸಿನೀರು ಸುರಿದು, ಒಂದು ಚಿಟಿಕೆ ಉಪ್ಪು ಉದುರಿಸಿ, ಬಾಟಲಿಯನ್ನು ತಲೆಕೆಳಗಾಗಿ ಬಿದಿರು ಕೋಲಿಗೆ ಬಿಗಿಯುತ್ತಾಳೆ. ಕೋಲಿನ ತುದಿಯಲ್ಲಿ ಸ್ಪಂಜಿನ ಕುಂಚವಿದೆ. ಉಪ್ಪು ಹಾಕದಿದ್ದರೆ ಈ ಚಳಿಯಲ್ಲಿ ಕುಂಚದ ನೀರು ಗಟ್ಟಿಯಾಗಿಬಿಡುತ್ತದೆ. ಪಿಂಗ್ಯಾವ್ ಎಂಬ ಕೋಟೆಯೂರಿನ ಹಳೇ ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ರಾತ್ರಿಯ ದೀಪಗಳು ಇನ್ನೂ ಉರಿಯುತ್ತಿವೆ. ಐದಾರು ಹಾಸುಗಲ್ಲುಗಳನ್ನು ಪೊರಕೆಯಿಂದ ಗುಡಿಸಿ, ಸೊಂಟಕ್ಕೆ ಒಂದು ಕೈ ಕೊಟ್ಟು, ಅಜ್ಜಿ ಊರು ಬರೆಯಲು ನಿಲ್ಲುತ್ತಾಳೆ.

ಈ ಊರಿನ ಆಕಾರ ಆಮೆಯದು ಎಂದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ತೆಂಕಣ ಬಾಗಿಲು ತಲೆ, ಬಡಗಣ ಬಾಗಿಲು ಬಾಲ, ಎಡಬಲದ ಬಾಗಿಲುಗಳು ಕಾಲು, ತಲೆಯ ಮುಂದಿನ ಎರಡು ಬಾವಿಗಳು ಕಣ್ಣು. ಅಜ್ಜಿಯ ಕುಂಚ ಬಾಲದಿಂದ ಹೊರಟು ಕೋಟೆಯ ಸುತ್ತ ಒಂದು ಗೆರೆ ಎಳೆದು ಮತ್ತೆ ಬಾಲಕ್ಕೆ ಬಂದು ಸೇರುತ್ತದೆ. ಒಳಗೆ ಬೀದಿಗಳು, ಹಳೇ ಕಾಲದ ಬ್ಯಾಂಕಿನಂತಿದ್ದ ಹುಂಡಿ ಮನೆ, ನಗರದೇವರ ಗುಡಿ. ಊರನ್ನು ನೋಡಲೆಂದು ಒಂದು ದಿನಕ್ಕೋ ಎರಡು ದಿನಕ್ಕೋ ಬಂದಿಳಿಯುವವರಿಗೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೂತು ಉಣ್ಣಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂದು ನೀರಿನಲ್ಲಿ ಬರೆದು ತೋರಿಸುವುದು ಆಕೆಯ ಕೆಲಸ. ಆದರೆ ದಿನದ ಈ ಮೊದಲ ಊರನ್ನು ಯಾರೂ ಕೇಳಿರುವುದಿಲ್ಲ. ಗಾಡಿ ಇನ್ನೂ ಬಂದಿರುವುದಿಲ್ಲ. ಅಜ್ಜಿ ಒಂದು ಬೀದಿಯ ಕೊನೆಯಲ್ಲಿ ಚುಕ್ಕಿ ಇಟ್ಟು, ಅಲ್ಲಿಂದ ಮುಂದೆ ಹೋಗಲಾರದೆ, ಕೋಲೂರಿ ನಿಂತುಬಿಡುತ್ತಾಳೆ. ಗಾಳಿ ಬೀಸಿ ಊರು ಆರಿಹೋಗುತ್ತದೆ.

"ಇವತ್ತೂ ಆಗ್ಲಿಲ್ವಾ ಅಕ್ಕ?" ಬ್ಯಾಟರಿ ಬಂಡಿಯ ಗ್ವೋ ಕೇಳುತ್ತಾನೆ. ಪ್ರಯಾಣಿಕರನ್ನು ಕೋಟೆ ಬಾಗಿಲಿಗೆ ಬಿಡುವ ಅವನಿಗೂ ಅರವತ್ತು ಕಳೆದಿದೆ.

"ನಿನ್ ಕೆಲ್ಸ ನೀನು ನೋಡ್ಕೋ ಮಾರಾಯ."

"ನನ್ ಕೆಲ್ಸ ನೋಡೋಕೆ ಜನ ಇಳಿಬೇಕಲ್ಲ."

ಉತ್ತರದಿಂದ ರಾತ್ರಿ ಗಾಡಿ ಬಂದು ಜನ ಇಳಿಯುತ್ತಾರೆ. ಹೆಚ್ಚಿನವರು ಫೋನು ನೋಡಿಕೊಂಡೇ ಚೌಕ ದಾಟುತ್ತಾರೆ. ಒಂದು ಹುಡುಗ ಹುಡುಗಿ ಜೋಡಿ ಮಾತ್ರ ನಿಲ್ಲುತ್ತದೆ. ಅಜ್ಜಿಯ ಮೊದಲ ಪ್ರಶ್ನೆ ಯಾರಿಗಾದರೂ ಒಂದೇ: "ವಾಪಸ್ ಗಾಡಿ ಎಷ್ಟೊತ್ತಿಗೆ?"

"ಸಂಜೆ ಆರಕ್ಕೆ ಅಜ್ಜಿ," ಎನ್ನುತ್ತಾಳೆ ಹುಡುಗಿ.

ಅಜ್ಜಿ ಅವಳ ಎತ್ತರ ಹಿಮ್ಮಡಿಯ ಬೂಟು ನೋಡುತ್ತಾಳೆ. "ಹಂಗಾದ್ರೆ ಕೋಟೆ ಮೇಲೆ ಪೂರ್ತಿ ಸುತ್ತಬೇಡ. ಆಮೆಯ ಈ ಕಾಲಿನ ಬಾಗ್ಲಲ್ಲಿ ಹತ್ತಿ, ಆ ಕಾಲಿನ ಬಾಗ್ಲಲ್ಲಿ ಇಳಿ, ಸಾಕು."

"ಅಜ್ಜಿ, ಫೋನಲ್ಲಿ ಎಲ್ಲಾ ಇದೆ, ಹದಿನಾಲ್ಕು ಜಾಗ," ಎಂದು ಹುಡುಗ ಅವಸರ ಮಾಡುತ್ತಾನೆ.

"ಹದಿನಾಲ್ಕಾ? ಉಚ್ಚೆ ಹೊಯ್ಯೋಕೆ ಎಲ್ಲಿ ಬರ್ದಿದಾರೆ ಅದ್ರಲ್ಲಿ?"

ಹುಡುಗಿ ಕಿಸಕ್ಕನೆ ನಗುತ್ತಾಳೆ. "ಲೋ, ಸುಮ್ನಿರೋ, ಅಜ್ಜಿ ಬರೆಯೋದು ವಿಡಿಯೋ ಮಾಡ್ಕೋ."

ಅಜ್ಜಿ ಬರೆಯುತ್ತಾಳೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಏನೂ ಬರೆಯದೆ ಖಾಲಿ ಬಿಡುತ್ತಾಳೆ. ಅದೊಂದು ಗಂಟೆ ಯಾವುದಾದರೂ ಗೋಡೆಗೊರಗಿ ಕೂರುವುದಕ್ಕೆ. "ಆರೋದ್ರೊಳಗೆ ನೋಡ್ಕೊಳ್ಳಿ, ಆರಿದ್ಮೇಲೆ ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ." ಹುಡುಗ ಐದು ಯುವಾನ್ ಕೊಟ್ಟು, ವಿಡಿಯೋ ಸರಿಯಾಗಿ ಬಂತೇ ಎಂದು ನೋಡಿಕೊಂಡು, ಅಜ್ಜಿ ತೋರಿಸಿದ ದಾರಿಗೆ ಬೆನ್ನು ಹಾಕಿ ನಡೆಯುತ್ತಾನೆ.

"ನೀನೀಗ ಊರು ತೋರ್ಸೋಳಲ್ಲ ಬಿಡು," ಎನ್ನುತ್ತಾನೆ ಗ್ವೋ. "ಊರಲ್ಲಿ ನೋಡೋ ವಸ್ತು ಆಗಿದೀಯ. ಕೋಟೆ, ಗುಡಿ, ಆಮೇಲೆ ಅಕ್ಕ."

ರೆನ್ ಗೈಲಾನ್‌ಗೆ ಎಪ್ಪತ್ತು ದಾಟಿದೆ. ಮೂವತ್ತು ವರ್ಷದ ಹಿಂದೆ ಊರಾಚೆಯ ಹತ್ತಿ ಗಿರಣಿ ಮುಚ್ಚಿದಾಗ ಕೆಲಸ ಹೋಯಿತು. ಗಂಡ ಕಲ್ಲಿದ್ದಲ ಲಾರಿ ಓಡಿಸುತ್ತಿದ್ದವನು, ಕೆಮ್ಮಿ ಕೆಮ್ಮಿ ತೀರಿಕೊಂಡ. ನಿಲ್ದಾಣದ ಎದುರು ಬೇಯಿಸಿದ ಮೊಟ್ಟೆ ಮಾರುತ್ತ ಕೂತವಳನ್ನು ಬಂದವರೆಲ್ಲ ದಾರಿ ಕೇಳುತ್ತಿದ್ದರು. ಬೆಳಗ್ಗೆ ಇದೇ ಚೌಕದಲ್ಲಿ ನೀರಿನಲ್ಲಿ ಅಕ್ಷರ ಬರೆಯುತ್ತಿದ್ದ ಮುದುಕರೊಬ್ಬರಿಂದ ಕುಂಚ ಎರವಲು ತಂದು ಒಂದು ದಿನ ದಾರಿ ಬರೆದು ತೋರಿಸಿದಳು. ಮೊಟ್ಟೆಗಿಂತ ದಾರಿಗೇ ಜನ ಹೆಚ್ಚು ನಿಂತರು. ಆಗೆಲ್ಲ ಊಟದ ಹೊತ್ತಿಗೆ ಆರೇಳು ಬಾಟಲಿ ನೀರು ಖಾಲಿಯಾಗುತ್ತಿತ್ತು. ಈಗ ಬೆಳಗ್ಗೆ ತುಂಬಿದ ಒಂದೇ ಬಾಟಲಿ ಸಂಜೆಗೂ ಉಳಿದಿರುತ್ತದೆ. ಮಂಡಿಯಲ್ಲಿ ನೋವಿದೆ, ಮನೆ ಕೋಟೆಯ ಹೊರಗೆ ಆರನೇ ಮಹಡಿಯಲ್ಲಿದೆ, ಅಲ್ಲಿಗೆ ಲಿಫ್ಟ್ ಇಲ್ಲ. ಇದನ್ನೆಲ್ಲ ಆಕೆ ದೂರು ಎಂದು ಹೇಳುವುದಿಲ್ಲ. ಆಕೆಯ ದೂರು ಬೇರೆಯೇ ಇದೆ, ಅದು ತನ್ನ ಮೇಲೆಯೇ.

ಮೊಟ್ಟೆ ಮಾರುವುದಕ್ಕೆ ಮೊದಲು, ಗಿರಣಿಗೂ ಮೊದಲು, ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಲೇ ಗೈಲಾನ್ ಒಬ್ಬರಿಗೆ ಎರಡು ದಿನದ ಪ್ರವಾಸ ಹಾಕಿಕೊಟ್ಟಿದ್ದಳು. ಅದು ಹೊಟ್ಟೆಗಿಲ್ಲದ ವರ್ಷ. ಅಪ್ಪ ಆಗಲೇ ತೀರಿಹೋಗಿದ್ದ. ದೂರದ ಬಾವ್‌ತೌ ಕಡೆಯ ಮಕ್ಕಳಿಲ್ಲದ ದಂಪತಿಗೆ ಆರು ವರ್ಷದ ತಂಗಿ ಚುನ್‌ಲಾನ್‌ಳನ್ನು ಕೊಟ್ಟುಬಿಡುವುದೆಂದು ಅಮ್ಮ ಒಪ್ಪಿಕೊಂಡಿದ್ದಳು. ಹೊರಡುವ ಬೆಳಗ್ಗೆ ಎಲ್ಲಿಂದಲೋ ಒಂದು ಹಿಡಿ ಬಿಳಿ ಹಿಟ್ಟು ಬೇಡಿ ತಂದು ಕಡುಬು ಬೇಯಿಸಿದಳು. ಈ ಕಡೆಯ ಮನೆಗಳಲ್ಲಿ ಬಂದವರ ಮುಂದೆ ಮೊದಲು ಇಡುವುದು ಬಿಸಿ ಶಾವಿಗೆಯ ಬಟ್ಟಲು. ಕಡುಬು ಬೇಯುವುದು ಯಾರಾದರೂ ಹೊರಡುವ ದಿನ. ಮಗುವಿಗೆ ಅದು ಗೊತ್ತಿರಲಿಲ್ಲ. ಹೊಸ ವರ್ಷ ಬಂತೆಂದುಕೊಂಡು ತಿಂದಳು. ಆಮೇಲೆ ಅಪರಿಚಿತ ಗಂಡಸು ಕೈ ಹಿಡಿದಾಗ ಬಾಗಿಲ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮ ಒಳಗೆ ಹೋಗಿ ಕೂತ್ಬಿಟ್ಲು," ಎನ್ನುತ್ತಾಳೆ ಅಜ್ಜಿ ಗ್ವೋನ ಮುಂದೆ. "ತಂಗಿಗೆ ನಾನೇ ಹೇಳ್ದೆ. ಎರಡೇ ದಿನ ಕಣೇ ಅಂದೆ. ಮೊದಲ್ನೇ ದಿನ ಹಳದಿ ಹೊಳೆ ನೋಡ್ತೀಯ, ಎರಡ್ನೇ ದಿನ ಒಂಟೆ ನೋಡ್ತೀಯ, ಆಮೇಲೆ ಮನೆಗೆ ಬರ್ತೀಯ. ಬೆರಳು ಮಡಚಿ ಲೆಕ್ಕ ಹಾಕ್ಕೊಂಡ್ಲು. ಲೆಕ್ಕ ಹಾಕೋಕೆ ಅಂತ ಬಳೆ ಬಿಟ್ಲು." ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಮತ್ತೆ ಹೇಳುತ್ತಾಳೆ, "ಹೊಳೆ ನಾನೂ ನೋಡಿರ್ಲಿಲ್ಲ. ಒಂಟೆನೂ ನೋಡಿರ್ಲಿಲ್ಲ."

ಸಾಕಿದ ಅಪ್ಪ ಸಾಯುವಾಗ ಊರ ಹೆಸರು ಹೇಳಿದ್ದರಿಂದ, ಮುದುಕಿಯಾಗುವ ಹೊತ್ತಿಗೆ ಚುನ್‌ಲಾನ್ ಅಕ್ಕನನ್ನು ಹುಡುಕಿಕೊಂಡಳು. ಒಂದೆರಡು ವರ್ಷ ಕಾಗದಗಳು ಓಡಾಡಿದವು. ಹತ್ತು ವರ್ಷದ ಹಿಂದೆ ಒಂದು ಸಂಜೆ ಬಂದಿಳಿದಳು. ಒಂದೇ ರಾತ್ರಿ ಇರುವುದೆಂದು ಬರೆದಿದ್ದಳು. ಮಾರನೆಯ ಗಾಡಿ ಬೆಳಕು ಹರಿಯುವ ಮೊದಲೇ. ಗೈಲಾನಜ್ಜಿ ತಿಂಗಳಿಡೀ ಆ ಒಂದು ರಾತ್ರಿಯನ್ನು ಜೋಡಿಸಿದಳು. ಬೆಳಗ್ಗೆ ಕಡುಬು ಬೇಯಿಸುತ್ತ ಕೂತರೆ ಮಾತಿಗೆ ಹೊತ್ತು ಎಲ್ಲಿ ಉಳಿಯುತ್ತದೆ? ದಿನವೂ ಪರವೂರಿನವರ ಗಂಟೆಗಳನ್ನು ಉಳಿಸುತ್ತಿದ್ದ ತಲೆ ಅದು. ಶಾವಿಗೆಯನ್ನೂ ಕಡುಬನ್ನೂ ಸಂಜೆಯೇ ಮಾಡಿ ಒಟ್ಟಿಗೆ ಮೇಜಿನ ಮೇಲಿಟ್ಟಳು.

ಅಮ್ಮನ ಅದೇ ಮನೆಯ ಹೊಸ್ತಿಲನ್ನು ಕತ್ತಲಲ್ಲಿ ದಾಟಿ ಬಂದ ಚುನ್‌ಲಾನ್ ತೆರೆದಿದ್ದ ಬಾಗಿಲನ್ನೂ ನೋಡಲಿಲ್ಲ, ಶಾವಿಗೆಯನ್ನೂ ನೋಡಲಿಲ್ಲ. ಕಡುಬಿನ ತಟ್ಟೆಯನ್ನೇ ನೋಡಿದಳು.

"ಇನ್ನೂ ಕೂತೇ ಇಲ್ಲ, ಆಗ್ಲೇ ಕಳಿಸ್ತಿದೀಯಾ ಅಕ್ಕ?" ಎಂದಳು. "ಈ ಸಲ ಏನು ತೋರಿಸ್ತೀಯ? ಒಂಟೆನಾ?"

ಗ್ವೋನ ಬಂಡಿ ಇನ್ನೂ ಓಣಿಯಲ್ಲೇ ತಿರುಗಿಸಿಕೊಳ್ಳುತ್ತಿತ್ತು. ಅದೇ ಬಂಡಿಯಲ್ಲಿ ಅವಳು ನಿಲ್ದಾಣಕ್ಕೆ ವಾಪಸಾದಳು. "ಮುಂದಿನ ಗಾಡಿ ಎಷ್ಟೊತ್ತಿಗೆ ಅಂದ್ಲು, ಅಷ್ಟೇ," ಎಂದು ಗ್ವೋ ನೆನೆಯುತ್ತಾನೆ. "ಕೈಯಲ್ಲಿ ಏನೋ ಪೊಟ್ಟಣ ಇತ್ತು. ಅಕ್ಕನಿಗೆ ತಂದಿದ್ದು ಇರ್ಬೇಕು. ಹಂಗೇ ತಗೊಂಡು ಹೋದ್ಲು."

ಆಮೇಲೆ ಕಾಗದವಿಲ್ಲ, ಫೋನಿಲ್ಲ. ಎರಡು ತಿಂಗಳ ಹಿಂದೆ ಚುನ್‌ಲಾನ್‌ಳ ಮಗಳು ಸೂಚಿನ್ ಕರೆ ಮಾಡಿದಳು. "ದೊಡ್ಡಮ್ಮ, ಅಮ್ಮನ ಕಣ್ಣು ಹೋಗ್ತಾ ಇದೆ. ಈ ಚಳಿಗಾಲ ಕಳೆದ್ರೆ ನೆರಳಷ್ಟೇ ಅಂತಾರೆ ಡಾಕ್ಟ್ರು. ಮೊನ್ನೆ ಅನ್ನ ಉಣ್ತಾ ಉಣ್ತಾ ಕೇಳಿದ್ಲು, ನಮ್ಮನೆ ಬಾಗ್ಲು ಯಾವ ಬಣ್ಣ ಇತ್ತು ಅಂತ. ನಂಗೇನು ಗೊತ್ತು? ನೀವು ಕರೀರಿ. ಫೋನ್ ಬೇಡ, ನಿಮ್ ದನಿ ಕೇಳಿದ್ರೆ ಇಟ್ಬಿಡ್ತಾಳೆ. ಕಾಗ್ದ ಬರೀರಿ, ನಾನು ಓದ್ತೀನಿ."

ಎರಡು ತಿಂಗಳಾದರೂ ಕಾಗದ ಹೋಗಿಲ್ಲ. ಕರೆಯುವುದೆಂದರೆ ಏನು ತೋರಿಸಲು ಕರೆಯುವುದು ಎಂಬುದೇ ಅಜ್ಜಿಗೆ ತಿಳಿಯುತ್ತಿಲ್ಲ. ದಿನವೂ ಬೆಳಗ್ಗೆ ಗಾಡಿ ಬರುವ ಮೊದಲು ಬರೆಯುವುದು ತಂಗಿಗೆ ತೋರಿಸಬೇಕಾದ ಆ ಪ್ರವಾಸವನ್ನೇ. ಬಾಲದಿಂದ ಹೊರಟ ಕುಂಚ ಅಮ್ಮನ ಮನೆಯಿದ್ದ ಓಣಿಯ ತನಕ ಸಲೀಸಾಗಿ ಹೋಗುತ್ತದೆ, ಅಲ್ಲಿ ಚುಕ್ಕಿಯಾಗಿ ನಿಲ್ಲುತ್ತದೆ. ಓಣಿಯವರನ್ನೆಲ್ಲ ಕೋಟೆಯ ಹೊರಗಿನ ಕಟ್ಟಡಗಳಿಗೆ ಕಳಿಸಿ ಏಳು ವರ್ಷವಾಯಿತು. ಮನೆ ಈಗ ಕೆಂಪು ದೀಪಗಳ ಅತಿಥಿಗೃಹ. ಅಂಗಳದ ಬಾವಿಗೆ ಗಾಜು ಮುಚ್ಚಿ ಒಳಗೆ ನೀಲಿ ಬಲ್ಬು ಹಾಕಿದ್ದಾರೆ. ಅಕ್ಕತಂಗಿಯರು ಗಂಟೆಯ ಸದ್ದು ಕೇಳುತ್ತಿದ್ದ ಶಾಲೆಯಲ್ಲಿ ಬಣ್ಣಬಣ್ಣದ ಶೀಶೆಗಳಲ್ಲಿ ವಿನೆಗರ್ ಮಾರುತ್ತಾರೆ.

ಕಳೆದ ವಾರ ಅಜ್ಜಿ ಅತಿಥಿಗೃಹಕ್ಕೇ ಹೋಗಿ ಕೇಳಿದಳು. ತಂಗಿ ಬಂದರೆ ಹೊಸ್ತಿಲ ಮೇಲೆ ಒಂದು ಗಂಟೆ ಕೂರಿಸಿಕೊಳ್ಳಬಹುದೇ?

ಮೇಜಿನ ಹಿಂದಿನ ಹುಡುಗಿ ಕೆಟ್ಟವಳಲ್ಲ. ಕುರ್ಚಿ ಕೊಟ್ಟಳು, ಬಿಸಿನೀರು ಕೊಟ್ಟಳು. "ರೂಮ್ ತಗೊಂಡ್ರೆ ಎಷ್ಟೊತ್ತಾದ್ರೂ ಕೂತ್ಕೊಳ್ಳಿ ಅಜ್ಜಿ. ಇಲ್ಲಾಂದ್ರೆ ನನ್ ಕೆಲ್ಸ ಹೋಗತ್ತೆ."

"ಬಾಗ್ಲಾದ್ರೂ ಮುಟ್ಟಿ ಹೋಗ್ಬೋದಾ?"

"ಯಾವ್ ಬಾಗ್ಲು? ಅದು ಹುಳ ಹಿಡಿದಿತ್ತಂತೆ, ಒಲೆಗೆ ಹಾಕಿದ್ರಂತೆ. ಇದು ಹೊಸಾ ಹಳೇ ಬಾಗ್ಲು."

ಹೊಸಾ ಹಳೇ ಬಾಗಿಲಿಗೆ ಕೆಂಪು ಬಣ್ಣ. ಫೋಟೋದಲ್ಲಿ ಕೆಂಪು ಚೆನ್ನಾಗಿ ಬರುತ್ತದೆ. ಬಳೆ ಹಿತ್ತಾಳೆಯದು. ಅಜ್ಜಿ ಅದನ್ನು ಮುಟ್ಟದೆ ಬಂದಳು.

"ನಾನು ಇಷ್ಟ್ ಜನಕ್ಕೆ ಊರು ತೋರ್ಸಿದೀನಿ," ಎನ್ನುತ್ತಾಳೆ ಈಗ, ಆರುತ್ತಿರುವ ಕಲ್ಲನ್ನು ಕೋಲಿನಿಂದ ತಟ್ಟುತ್ತ. "ಒಡಹುಟ್ಟಿದೋಳಿಗೆ ತೋರ್ಸೋಕೆ ಒಂದು ಗೂಟ ಉಳಿದಿಲ್ಲ. ಕಣ್ಣಿದ್ದು ಬಂದ್ರೂ ಅವ್ಳು ನೋಡೋದು ಏನನ್ನ?"

ಗ್ವೋ ಬಂಡಿಯಿಂದ ಇಳಿದು ಬರುತ್ತಾನೆ. ಈ ಸಲ ಅವನ ಬಾಯಲ್ಲಿ ತಮಾಷೆ ಇಲ್ಲ. "ಅವ್ಳೇನು ಊರು ನೋಡ್ಬೇಕು ಅಂದ್ಲಾ ಅಕ್ಕ? ಬಾಗ್ಲು ಯಾವ ಬಣ್ಣ ಅಂತ ಕೇಳಿದ್ಲು. ಅದಕ್ಕೆ ಉತ್ರ ಗೊತ್ತಲ್ಲ ನಿಂಗೆ?"

"ಗೊತ್ತು."

"ಗೊತ್ತಿರೋರು ಊರಲ್ಲಿ ಇನ್ಯಾರಿದಾರೆ? ಬಂಡಿ ಹತ್ತು, ಅಂಚೆ ಕಚೇರಿಗೆ ಹೋಗೋಣ."

ಅಂಚೆ ಕಚೇರಿಯ ಬಾಗಿಲು ಆಗಷ್ಟೇ ತೆರೆದಿದೆ. ಒಳಗೆ ಗೋಡೆ ಬದಿಯ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿದೆ. ಇಷ್ಟು ವರ್ಷದಲ್ಲಿ ಗೈಲಾನಜ್ಜಿ ಒಂದು ಪ್ರವಾಸವನ್ನೂ ಕಾಗದದ ಮೇಲೆ ಬರೆದವಳಲ್ಲ. ಆರಿ ಹೋಗದ್ದನ್ನು ಬರೆಯಲು ಕೈ ಹೆದರುತ್ತದೆ. ಪೆನ್ನನ್ನು ಕೋಲು ಹಿಡಿದಂತೆ ಹಿಡಿದು, ದೊಡ್ಡ ದೊಡ್ಡ ಅಕ್ಷರಗಳಲ್ಲಿ, ಬರೆದದ್ದನ್ನು ಮೆಲ್ಲಗೆ ಬಾಯಲ್ಲೂ ಹೇಳಿಕೊಳ್ಳುತ್ತ ಬರೆಯುತ್ತಾಳೆ.

"ಚುನ್‌ಲಾನ್, ಬಾಗಿಲು ಕಪ್ಪು ಇತ್ತು. ನೀನು ಹಿಡಿದ ಬಳೆಯ ಕೆಳಗೆ ಬಣ್ಣ ಎದ್ದು ಹೋಗಿತ್ತು. ಈಗ ಆ ಬಾಗಿಲಿಲ್ಲ, ಸುಟ್ಟಿದ್ದಾರೆ. ಮನೆಯೂ ನಮ್ಮದಲ್ಲ. ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ಒಂಟೆಯೂ ಇಲ್ಲ. ಅವತ್ತು ನಾನು ಹೇಳಿದ್ದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು. ಬರುವುದಾದರೆ ಬಾ. ಮೊದಲ ದಿನ ಶಾವಿಗೆ. ಎರಡನೇ ದಿನವೂ ಶಾವಿಗೆ. ಆಮೇಲೂ ಅದೇ. ಆರು ಮಹಡಿ ಹತ್ತಬೇಕು, ನಾನು ಕೈ ಹಿಡಿಯುತ್ತೇನೆ."

ಗ್ವೋ ಹೆಗಲ ಮೇಲಿಂದ ಬಗ್ಗಿ ನೋಡುತ್ತಾನೆ. "ವಾಪಸ್ ಗಾಡಿ ಎಷ್ಟೊತ್ತಿಗೆ ಅಂತ ಕೇಳ್ಲೇ ಇಲ್ವಲ್ಲ?"

"ಕೇಳಲ್ಲ."

"ಬರ್ತಾಳೆ ಅಂತೀಯಾ?"

"ಬರಲ್ಲ ಕಣೋ," ಎನ್ನುತ್ತಾಳೆ ಅಜ್ಜಿ, ಲಕೋಟೆಯ ಅಂಚನ್ನು ನಾಲಿಗೆಗೆ ತಾಗಿಸಿ ಒತ್ತುತ್ತ. "ಯಾವ ಮುಖ ನೋಡೋಕೆ ಬರ್ತಾಳೆ? ಸೂಚಿನ್ ಓದ್ತಾಳೆ, ಅವ್ಳು ಕೇಳಿಸ್ಕೊಂಡು ಮಗ್ಗುಲಾಗ್ತಾಳೆ. ಅಷ್ಟೇ." ಅಂಚೆಪೆಟ್ಟಿಗೆಯ ಬಾಯಿಗೆ ಲಕೋಟೆ ಹಾಕಿ, ಬಿಡದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಹಿಂದೆ ನಿಂತವನೊಬ್ಬ ಕೆಮ್ಮುತ್ತಾನೆ. "ಕಪ್ಪು ಅಂತ ಆದ್ರೂ ಗೊತ್ತಾಗ್ಲಿ ಅವ್ಳಿಗೆ. ಕಣ್ಣು ಹೋದ್ಮೇಲೆ ಅವ್ಳ ಮನ್ಸಲ್ಲಿ ಆ ಬಾಗ್ಲು ಕೆಂಪಾಗೋದು ಬೇಡ."

ಹಾಗೆಂದು ಬೆರಳು ಸಡಿಲಿಸುತ್ತಾಳೆ. ಕಾಗದ ಒಳಗೆ ಬೀಳುತ್ತದೆ.